ಏಳು ಸೆಕೆಂಡಿನ ಜಾಗ

ಚಿಕ್ಕಪ್ಪನ ರೈಲು ಏಳೂವರೆಗೆ. ಮನೆ ಬಿಟ್ಟಿದ್ದು ಆರಕ್ಕೆ. ಬೇಕಾದಷ್ಟು ಸಮಯ ಇತ್ತು, ಹಳೇ ಲೆಕ್ಕದಲ್ಲಿ. ಹೈವೇ ಮತ್ತು ರಿಂಗ್ ರೋಡ್ ಕೂಡುವ ಜಾಗದಲ್ಲಿ ಮೊದಲು ಬರೀ ಬಯಲಿತ್ತು. ಈಗ ನಾಲ್ಕು ಕಡೆಯೂ ಬಡಾವಣೆಗಳು. ಇಂಟರ್‌ಚೇಂಜ್ ಮಾತ್ರ ಅದೇ ಹಳೆಯದು.

ಮೇಲಿನಿಂದ ನೋಡಿದರೆ ನಾಲ್ಕು ಎಸಳಿನ ಹೂವಿನ ಹಾಗೆ ಕಾಣುವ ನಮೂನೆ ಅದು. ಕ್ಲೋವರ್‌ಲೀಫ್ ಅನ್ನುತ್ತಾರೆ. ಸಿಗ್ನಲ್ ಇಲ್ಲ. ಬಲಕ್ಕೆ ಹೋಗುವವರು ಸೇತುವೆ ದಾಟಿದ ಮೇಲೆ ಎಡಕ್ಕೆ ಇಳಿದು, ಮುಕ್ಕಾಲು ಸುತ್ತು ಹಾಕಿ ಆಚೆ ರಸ್ತೆ ಸೇರಬೇಕು. ನಾವು ಬಲಕ್ಕೆ ಹೋಗಬೇಕಿತ್ತು.

ಮಳೆ ಹನಿಯುತ್ತಿತ್ತು. ಸೇತುವೆ ಹತ್ತಿರ ಬರುವಾಗ ಎಡಗಡೆಯ ಸುತ್ತಿನಿಂದ ಲಾರಿಗಳು ಒಂದರ ಹಿಂದೆ ಒಂದು ಹೈವೇಗೆ ನುಗ್ಗುತ್ತಿದ್ದವು. ಅವು ಬಲಕ್ಕೆ ಬರಬೇಕು, ನಾನು ಎಡಕ್ಕೆ ಹೋಗಬೇಕು. ಇಂಡಿಕೇಟರ್ ಹಾಕಿದೆ. ಯಾರೂ ಜಾಗ ಬಿಡಲಿಲ್ಲ. ಕಣ್ಮುಂದೆಯೇ ನನ್ನ ದಾರಿ ಹಿಂದೆ ಸರಿದು ಹೋಯಿತು.

"ಯಾರಿಗೂ ಡ್ರೈವಿಂಗೇ ಬರಲ್ಲ" ಅಂತ ಗೊಣಗಿದೆ. ಚಿಕ್ಕಪ್ಪ ಮಾತಾಡಲಿಲ್ಲ. ಅವರು ಮೂವತ್ತು ವರ್ಷ ರಸ್ತೆ ಕೆಲಸದಲ್ಲೇ ಇದ್ದು ರಿಟೈರ್ ಆದವರು. ಕೈಗಡಿಯಾರ ನೋಡಿಕೊಂಡರು ಅಷ್ಟೇ. ರೈಲಿಗೆ ಲೇಟಾಯಿತು ಅಂತ ನೋಡುತ್ತಿದ್ದಾರೆ ಅಂದುಕೊಂಡೆ.

ಮುಂದಿನ ತಿರುವಿಗೆ ಹೋಗಿ, ಯೂ ಟರ್ನ್ ಮಾಡಿ, ಇಡೀ ಹೂವನ್ನು ದಾಟಿ, ಮತ್ತೊಂದು ಯೂ ಟರ್ನ್ ಮಾಡಿ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಗಿತ್ತು. ಈ ಸಲ ಬಿಡಲೇಬಾರದು ಅಂತ ಎರಡು ಲಾರಿಗಳ ಮಧ್ಯೆ ನುಗ್ಗಿದೆ. ಹಿಂದಿನವನು ಬೈದಿರಬೇಕು, ಕೇಳಿಸಲಿಲ್ಲ. ಸುತ್ತಿಗೆ ಇಳಿದಾಗ ವೇಗ ಜಾಸ್ತಿಯೇ ಇತ್ತು. ಎಡ ಅಂಚಿನಲ್ಲಿ ನೀರು ನಿಂತಿತ್ತು. ಬರೀ ನೀರು ಅಂದುಕೊಂಡೆ. ಅದು ಗುಂಡಿ.

ಆ ಸದ್ದು ಹೊಟ್ಟೆಗೇ ಬಂದು ಬಡಿಯಿತು. ಕುಂಟುತ್ತಾ ಸುತ್ತು ಮುಗಿಸಿ, ರಸ್ತೆ ಪಕ್ಕದ ಮಣ್ಣಿಗೆ ಗಾಡಿ ಇಳಿಸಿ ನೋಡಿದರೆ ಮುಂದಿನ ಟೈರ್ ಒಡೆದಿತ್ತು, ರಿಮ್ ಬಗ್ಗಿತ್ತು. ರೈಲಿನ ಆಸೆ ಅಲ್ಲಿಗೆ ಮುಗಿಯಿತು. ಮಳೆ ನಿಂತಿತ್ತು, ಅದೊಂದು ಪುಣ್ಯ.

ನಾನು ಜಾಕಿ ಏರಿಸುತ್ತಿದ್ದೆ. ಚಿಕ್ಕಪ್ಪ ಟಾರ್ಚ್ ಹಿಡಿದು ನಿಂತು ಲೆಕ್ಕ ಶುರು ಮಾಡಿದರು. "ಒಳಗೆ ಬರೋ ದಾರಿಗೂ ಹೊರಗೆ ಹೋಗೋ ದಾರಿಗೂ ಮಧ್ಯೆ ಎಷ್ಟು ಜಾಗ ಇದೆ ಗೊತ್ತಾ? ಸುಮಾರು 150 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದ್ರೆ ಏಳು ಸೆಕೆಂಡೂ ಸಿಗಲ್ಲ. ಅಷ್ಟರಲ್ಲಿ ಬರೋರು, ಹೋಗೋರು ಇಬ್ಬರೂ ಜಾಗ ಬದಲಾಯಿಸ್ಕೋಬೇಕು. ಯಾರಿಗೆ ಡ್ರೈವಿಂಗ್ ಬಂದ್ರೇನು?" ಗಡಿಯಾರ ನೋಡಿದ್ದು ಇದಕ್ಕೆ!

ಎಂಜಿನಿಯರುಗಳು ಇದನ್ನು ವೀವಿಂಗ್ ಅನ್ನುತ್ತಾರಂತೆ, ಅಂದರೆ ನೇಯ್ಗೆ. ಮಗ್ಗದಲ್ಲಾದರೆ ಎಳೆಗಳು ಸರದಿ ಪ್ರಕಾರ ಹೋಗುತ್ತವೆ. ಇಲ್ಲಿ ಗಾಡಿ ದೊಡ್ಡದಿದ್ದವನೇ ಮೊದಲು. ಗಾಡಿ ಕಡಿಮೆ ಇದ್ದಾಗ ಇದು ಒಳ್ಳೆಯ ನಮೂನೆಯೇ. ಅಮೆರಿಕದಲ್ಲಿ 1916ರಲ್ಲೇ ಆರ್ಥರ್ ಹೇಲ್ ಎಂಬವರು ಇದಕ್ಕೆ ಪೇಟೆಂಟ್ ಪಡೆದಿದ್ದರು. 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಅಂಥದ್ದೊಂದು ಶುರುವಾಯಿತು. ಈಗ ಅಲ್ಲೇ ಅದನ್ನು ತೆಗೆದು ಬೇರೆ ನಮೂನೆ ಮಾಡಿದ್ದಾರೆ.

"ಹಾಗಾದ್ರೆ ಸುತ್ತನ್ನೇ ದೊಡ್ಡದು ಮಾಡಬಹುದಿತ್ತಲ್ವಾ?" ಅಂದೆ.

"50 ಮೀಟರ್ ತ್ರಿಜ್ಯದ ಸುತ್ತಿಗೆ 40 ಕಿಲೋಮೀಟರ್ ವೇಗವೇ ಜಾಸ್ತಿ. ವೇಗ ಎರಡು ಪಟ್ಟು ಬೇಕು ಅಂದ್ರೆ ತ್ರಿಜ್ಯ ನಾಲ್ಕು ಪಟ್ಟು ಬೇಕು ಕಣೇ. ಜಾಗ ಎಲ್ಲಿಂದ ತರ್ತೀಯ? ಆಗಲೇ ಮನೆ ಕಟ್ಟಿಬಿಟ್ಟಿದ್ದಾರೆ."

ಸ್ಟೆಪ್ನಿ ಹಾಕಿದ ಮೇಲೆ ಚಿಕ್ಕಪ್ಪ ಅಂಚಿನಲ್ಲೇ ನಡೆದು ಸುತ್ತಿನ ಕಡೆ ಟಾರ್ಚ್ ಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರದಿರಲಿ ಅಂತ ರಸ್ತೆಯನ್ನು ಒಳಗಡೆಗೆ ವಾಲಿಸಿರುತ್ತಾರೆ. ಹಾಗಾಗಿ ಮಳೆ ನೀರೆಲ್ಲ ಒಳ ಅಂಚಿಗೇ ಬರುತ್ತದೆ. ಅಲ್ಲಿ ನೀರು ಹೋಗಲು ಒಂದು ಮೋರಿ ಇತ್ತು. ಅದರ ಬಾಯಿ ಮಣ್ಣು ತುಂಬಿ ಮುಚ್ಚಿತ್ತು. ನಿಂತ ನೀರು ಡಾಂಬರಿನ ಬಿರುಕಿಗೆ ಇಳಿದು ಕೆಳಗಿನ ಜಲ್ಲಿಯನ್ನು ಸಡಿಲ ಮಾಡುತ್ತದೆ. ಮೇಲೆ ಲಾರಿ ಹೋದಾಗಲೆಲ್ಲ ನೀರು ಒತ್ತಡಕ್ಕೆ ಚಿಮ್ಮಿ ಮಣ್ಣನ್ನು ಹೊರಗೆ ತರುತ್ತದೆ. ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಹದಿನಾರು ಪಟ್ಟಂತೆ. ಅದರ ಜೊತೆಗೆ ಎಲ್ಲರೂ ನನ್ನ ಹಾಗೆ ಜೋರಾಗಿ ಬಂದು ಅಲ್ಲೇ ಬ್ರೇಕ್ ಒತ್ತುತ್ತಾರೆ. ಡಾಂಬರು ಬಟ್ಟೆಯ ಹಾಗೆ ಮಡಿಕೆ ಬಿದ್ದಿದ್ದು ಟಾರ್ಚ್ ಬೆಳಕಿನಲ್ಲಿ ಚೆನ್ನಾಗಿ ಕಂಡಿತು.

ಗುಂಡಿ ಗೊತ್ತಿದ್ದವರು ಮೊದಲೇ ವೇಗ ತಗ್ಗಿಸುತ್ತಾರೆ. ಆಗ ಸಾಲು ಸೇತುವೆವರೆಗೂ ಬೆಳೆಯುತ್ತದೆ. ಆ ಏಳು ಸೆಕೆಂಡೂ ಉಳಿಯುವುದಿಲ್ಲ.

"ಇದನ್ನ ಕಟ್ಟಿದವರಿಗೆ ತಲೆ ಇರಲಿಲ್ವಾ?" ಅಂದೆ, ಬಗ್ಗಿದ ರಿಮ್ಮನ್ನು ಡಿಕ್ಕಿಗೆ ಹಾಕುತ್ತಾ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. "ನಾವೂ ಇಂಥದ್ದು ಕಟ್ಟಿದ್ದೀವಿ. ಆಗ ಗಾಡಿಗಳೇ ಇರಲಿಲ್ಲ."

ಅವರು ಮರುದಿನದ ರೈಲಿಗೆ ಹೋದರು. ಎರಡು ವಾರ ಬಿಟ್ಟು ಫೋನ್ ಮಾಡಿದಾಗ ಗುಂಡಿಗೆ ತೇಪೆ ಹಾಕಿದ್ದಾರೆ ಅಂತ ಖುಷಿಯಿಂದ ಹೇಳಿದೆ.

"ಮೋರಿ ಬಾಯಿ ತೆಗೆದ್ರಾ?"

"ಇಲ್ಲ. ಹುಲ್ಲು ಬೆಳೆದಿದೆ."

"ಹಾಗಾದ್ರೆ ಬಲಗಡೆಯಿಂದಲೇ ಹೋಗು" ಅಂದರು.