ಎತ್ಕೊಂಡ್ರ ಕೂಸಿಗೆ ಕೈರೂಢಿ ಆಗಂಗಿಲ್ಲೇನ್ರಿ?

“ಸಿಸ್ಟರ್, ಹಗಲೆಲ್ಲ ಹಿಂಗ ಎತ್ಕೊಂಡ್ರ ಕೂಸಿಗೆ ಕೈರೂಢಿ ಆಗಂಗಿಲ್ಲೇನ್ರಿ? ಆಮ್ಯಾಲ ತೊಟ್ಟಿಲದಾಗ ಮಲಗಂಗೇ ಇಲ್ಲ!”

ಕೊಪ್ಪಳದ ಕಡೆ ಹಸುಗೂಸುಗಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಈ ಪ್ರಶ್ನೆ ವಾರಕ್ಕೆ ಮೂರು ಸಲವಾದರೂ ಬರುತ್ತದೆ. ಕೇಳುವವರು ಹೆಚ್ಚಾಗಿ ಬಾಣಂತಿಯ ಅತ್ತೆ. ಸೊಸೆ ಪಕ್ಕದಲ್ಲೇ ಕೂತು ನನ್ನ ಬಾಯಿ ನೋಡುತ್ತಿರುತ್ತಾಳೆ.

ಆಗಂಗಿಲ್ಲ ಬಿಡ್ರಿ ಯವ್ವಾ ಅನ್ನುತ್ತೇನೆ. ಹಟ ಮಾಡಬೇಕಾದರೆ ಲೆಕ್ಕಾಚಾರ ಬೇಕು. ಎರಡು ತಿಂಗಳ ಕೂಸಿಗೆ ಅದೆಲ್ಲಿಂದ ಬರಬೇಕು? ಹಸಿವು, ಚಳಿ, ಸದ್ದು, ಸೂಜಿ, ಯಾವುದಕ್ಕೆ ಕಂಗಾಲಾದರೂ ಅದರ ಎದೆಬಡಿತ ಏರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ನಾವಾದರೆ ಒಂದು ಲೋಟ ನೀರು ಕುಡಿದು, ಯಾರಿಗಾದರೂ ಬೈದು ಹಗುರಾಗುತ್ತೇವೆ. ಕೂಸಿಗೆ ಹೆತ್ತವರ ಮೈಯೇ ಗತಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನ ಎದುರು ಕೂತು ಸ್ವಲ್ಪ ಹೊತ್ತು ನಗಬಾರದು, ಮಾತಾಡಬಾರದು, ಮುಖ ಕಲ್ಲಾಗಿರಬೇಕು. ಕೂಸು ಮೊದಮೊದಲು ನಗಿಸಲು ನೋಡುತ್ತದೆ, ಆಮೇಲೆ ಮುಖ ತಿರುಗಿಸಿಕೊಂಡು ಅಳುತ್ತದೆ. (ಮೊಬೈಲು ನೋಡುತ್ತ ಹಾಲುಣಿಸುವವರನ್ನು ಕಂಡಾಗೆಲ್ಲ ನನಗೆ ಇದೇ ನೆನಪು.) ಇಸ್ರೇಲಿನ ಸಂಶೋಧಕಿ ರುತ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ಆರು ತಿಂಗಳ ಕೂಸುಗಳ ಮೇಲೆ ಎರಡು ಬಗೆಯಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಕಲ್ಲುಮುಖ. ಇನ್ನೊಂದಕ್ಕೆ ಮುಖ ಕಲ್ಲೇ, ಆದರೆ ತಾಯಿಯ ಕೈ ಮೈಮೇಲೆ. ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದು ನೋಡಿದರೆ, ಮುಟ್ಟಿಸಿಕೊಂಡ ಕೂಸುಗಳಲ್ಲಿ ಅದು ಕಡಿಮೆ ಇತ್ತು.

ಮುಟ್ಟುವುದರಲ್ಲೂ ಬಗೆ ಇದೆ. ಚರ್ಮದಲ್ಲಿ ನಿಧಾನದ ಸವರುವಿಕೆಗೆಂದೇ ಮಿಡಿಯುವ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಹಿತ. ಜೋಗುಳ ಹಾಡುತ್ತ ಬೆನ್ನು ಸವರುವ ಅಜ್ಜಿಯ ಕೈ ತಾನಾಗಿಯೇ ಆ ಲಯದಲ್ಲಿರುತ್ತದೆ. ಆದರೆ ಅದೇ ಅಜ್ಜಿ ಎರೆಯಲು ಕೂತಾಗ ಎಣ್ಣೆ ಹಚ್ಚಿ ಕೈಕಾಲು ಜಗ್ಗುತ್ತಾಳಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅತ್ತು ಅತ್ತು ಸುಸ್ತಾಗಿ ಮಲಗಿದ್ದನ್ನು “ಎಷ್ಟು ಚಂದ ನಿದ್ದಿ ಹತ್ತಿತು” ಅನ್ನುತ್ತಾರೆ.

ತೂಕ ಕಡಿಮೆ ಇರುವ ಕೂಸಿಗಂತೂ ಅಪ್ಪುಗೆಯೇ ಚಿಕಿತ್ಸೆ. ಬರಿಮೈಯ ಕೂಸನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಇದನ್ನು ಹಬ್ಬಿಸುವ ದಾರಿ ಹುಡುಕಲು ಇಥಿಯೋಪಿಯಾದಲ್ಲೂ ಭಾರತದಲ್ಲೂ ನಡೆದ ಅಧ್ಯಯನಕ್ಕೆ ನಮ್ಮ ಕೊಪ್ಪಳ ಜಿಲ್ಲೆಯೂ ಸೇರಿತ್ತು. ಅದು 2000 ಗ್ರಾಂಗಿಂತ ಕಡಿಮೆ ತೂಕದ ಕೂಸುಗಳಿಗೆಂದು ನಡೆದದ್ದು. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ. ಇಷ್ಟು ಹೊತ್ತು ತಾಯಿಯೊಬ್ಬಳಿಂದ ಆಗದು. ಅಪ್ಪನೂ ಅಂಗಿ ಬಿಚ್ಚಿ ಕೂಡಬೇಕು. “ಇದು ಹೆಂಗಸರ ಕೆಲಸರಿ” ಎನ್ನುತ್ತಿದ್ದ ಗಂಗಾವತಿ ಕಡೆಯ ಲಾರಿ ಡ್ರೈವರ್ ಒಬ್ಬ ಮೂರನೇ ದಿನ ಕೂಸನ್ನು ಹೆಂಡತಿಗೆ ಕೊಡಲು ಮನಸ್ಸಿಲ್ಲದೆ “ಇನ್ನೈದು ನಿಮಿಷ” ಅಂದ.

“ನಮ್ಮ ಬಿಸಿಲಾಗ ಇದು ಹೆಂಗರಿ?” ಅಂತಲೂ ಕೇಳುತ್ತಾರೆ. ಏಪ್ರಿಲ್‌ನಲ್ಲೂ ಕೂಸಿಗೆ ಉಣ್ಣೆ ಟೊಪ್ಪಿಗೆ ಹಾಕಿ ದುಪ್ಪಟಿ ಸುತ್ತಿ ತಂದವರೇ ಈ ಪ್ರಶ್ನೆ ಕೇಳುವುದು! ತೆಳು ಹತ್ತಿ ಸೀರೆ, ಗಾಳಿಯಾಡುವ ಕೋಣೆ ಸಾಕು. ಕೂಸಿನ ಮೂಗು-ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ನಿಮಗೆ ನಿದ್ದೆ ತೂಗಿದರೆ ಇನ್ನೊಬ್ಬರ ಕೈಗೆ ಕೊಡಿ.

ಎತ್ತಿಕೊಂಡರೂ ಕೂಸು ಹಾಲು ಕುಡಿಯದಿದ್ದರೆ, ಮೈ ಸುಡುತ್ತಿದ್ದರೆ ಇಲ್ಲವೇ ತಣ್ಣಗಾಗಿದ್ದರೆ ಮಾತ್ರ ಮನೆಯಲ್ಲಿ ಸವರುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಕೂಸು ಎದೆಯ ಮೇಲೇ ಇರಲಿ.