ಯುಗೊಸ್ಲಾವಿಯದ ಸಾವಿನ ಲೆಕ್ಕ: ಸಂಪಾದನೆಯ ಕೆಲಸದಲ್ಲಿ ಕಲಿತದ್ದು

ಇತಿಹಾಸದ ಲೇಖನಗಳನ್ನು ಅಚ್ಚಿಗೆ ಮುನ್ನ ಪರಿಶೀಲಿಸುವುದು ನನ್ನ ಉದ್ಯೋಗ. ಎರಡನೆಯ ಮಹಾಯುದ್ಧದ ಯುಗೊಸ್ಲಾವಿಯ ಹಾಗೂ ಯುದ್ಧಾನಂತರ ಆ ದೇಶವನ್ನಾಳಿದ ಕಮ್ಯುನಿಸ್ಟ್ ನಾಯಕ ಮಾರ್ಷಲ್ ಟಿಟೊ ಕುರಿತ ಬರಹಗಳು ನನಗೆ ಕಲಿಸಿದ್ದೇನೆಂದರೆ, ಸತ್ತವರ ಸಂಖ್ಯೆಯನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಎಣಿಸಿದರೆಂಬುದನ್ನು ತಿಳಿಸದೆ ಆ ಸಂಖ್ಯೆಯನ್ನು ಓದುಗರ ಮುಂದಿಡಬಾರದು.

ಹಸ್ತಪ್ರತಿಗಳಲ್ಲಿ ಪದೇ ಪದೇ ಕಾಣುವ ಅಂಕಿ 17 ಲಕ್ಷ. ಯುದ್ಧ ಮುಗಿದೊಡನೆ ಟಿಟೊ ಸರ್ಕಾರ ಯುದ್ಧಪರಿಹಾರ ಕೇಳುವಾಗ ಮುಂದಿಟ್ಟ ಲೆಕ್ಕವಿದು. ಪಶ್ಚಿಮ ಜರ್ಮನಿಯಿಂದ ಪರಿಹಾರ ಪಡೆಯುವ ಸಲುವಾಗಿ 1964ರಲ್ಲಿ ಅದೇ ಸರ್ಕಾರ ಊರೂರುಗಳಿಂದ ಹೆಸರುಗಳನ್ನು ಕಲೆಹಾಕಿದಾಗ ಸಿಕ್ಕಿದ್ದು 5,97,323 ಮಂದಿ ಮಾತ್ರ. ಶತ್ರುಪಕ್ಷದಲ್ಲಿದ್ದು ಸತ್ತವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದು ನಿಜ. ಆದರೂ ಅಂತರ ಎಷ್ಟು ದೊಡ್ಡದಾಗಿತ್ತೆಂದರೆ ಪಟ್ಟಿಯನ್ನು ದಶಕಗಳ ಕಾಲ ಹೊರಬಿಡಲಿಲ್ಲ. ಆಮೇಲೆ ಸರ್ಬಿಯನ್ ಮೂಲದ ಬೊಗೊಲ್ಯುಬ್ ಕೊಚೊವಿಚ್ 1985ರಲ್ಲಿ 10,14,000 ಎಂದೂ, ಕ್ರೊಯೇಷಿಯದ ವ್ಲಾದಿಮಿರ್ ಜೆರ್ಯಾವಿಚ್ 1989ರಲ್ಲಿ 10,27,000 ಎಂದೂ ಅಂದಾಜು ಮಾಡಿದರು. ಪರಸ್ಪರ ದೋಷಾರೋಪ ನಡೆಯುತ್ತಿದ್ದ ಎರಡು ಸಮುದಾಯಗಳ ಇಬ್ಬರು, ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಇಷ್ಟು ಸಮೀಪದ ಉತ್ತರಕ್ಕೆ ಬಂದಿರುವುದು ನನ್ನ ದೃಷ್ಟಿಯಲ್ಲಿ ಬಹಳ ತೂಕದ ಸಾಕ್ಷ್ಯ.

ಇಷ್ಟೆಲ್ಲ ವಿವರ ಓದುಗರಿಗೆ ಭಾರವಾಗುತ್ತದೆ, ಒಂದು ಅಂಕಿ ಸಾಕು ಎಂದು ಲೇಖಕರು ವಾದಿಸುವುದುಂಟು. ನಾನು ಒಪ್ಪುವುದಿಲ್ಲ. 1941ರ ಅಕ್ಟೋಬರಿನಲ್ಲಿ, ಸತ್ತ ಒಬ್ಬ ಜರ್ಮನ್ ಸೈನಿಕನಿಗೆ ನೂರು ಮಂದಿ ಎಂಬ ಆದೇಶದಂತೆ ಜರ್ಮನ್ ಸೇನೆಯವರು ಸರ್ಬಿಯದ ಕ್ರಾಗುಯೆವಾತ್ಸ್ ಪಟ್ಟಣದಲ್ಲಿ ಶಾಲಾ ಮಕ್ಕಳನ್ನೂ ಬಿಡದೆ ಗುಂಡಿಟ್ಟು ಕೊಂದರು. ದೀರ್ಘಕಾಲ 7,000 ಎನ್ನಲಾಗುತ್ತಿದ್ದ ಆ ಸಾವುಗಳು ಸುಮಾರು 2,800 ಎಂದು ನಂತರದ ಸಂಶೋಧನೆ ತೋರಿಸಿದ್ದರಿಂದ ಆ ಕ್ರೌರ್ಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ನಾಯಕರ ಮೇಲಿನ ತೀರ್ಪುಗಳಿಗೂ ಇದೇ ಎಚ್ಚರ ಬೇಕು. ರಾಜನಿಷ್ಠ ಸರ್ಬಿಯನ್ ಗೆರಿಲ್ಲಾ ಪಡೆಗಳಾದ ಚೆಟ್ನಿಕ್‌ಗಳ ನಾಯಕ ದ್ರಾಜಾ ಮಿಹೈಲೊವಿಚ್ ಅವರಿಗೆ 1946ರಲ್ಲಿ ಮರಣದಂಡನೆಯಾಯಿತು. 2015ರಲ್ಲಿ ಬೆಲ್‌ಗ್ರೇಡ್‌ನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ವಿಚಾರಣೆ ನ್ಯಾಯಸಮ್ಮತವಾಗಿರಲಿಲ್ಲ ಎಂದಮಾತ್ರಕ್ಕೆ ಚೆಟ್ನಿಕ್ ಪಡೆಗಳು ಆಕ್ರಮಣಕಾರ ಇಟಲಿಯ ಸೇನೆಯೊಡನೆ ಕೈಜೋಡಿಸಿದ್ದು ಸುಳ್ಳಾಗುವುದಿಲ್ಲ.

ಯುದ್ಧಕಾಲದ ಕ್ರೊಯೇಷಿಯವನ್ನು ನಾಜಿಗಳ ಬೆಂಬಲದಿಂದ ಆಳಿದ ಉಸ್ತಾಶಾ ಆಡಳಿತದ ಯಾಸೆನೊವಾತ್ಸ್ ಸೆರೆಶಿಬಿರದ ವಿಷಯದಲ್ಲಿ ನಾನು ಇನ್ನೂ ಬಿಗಿಯಾಗಿದ್ದೇನೆ. ಸಮಾಜವಾದಿ ಯುಗೊಸ್ಲಾವಿಯದಲ್ಲಿ ಆರೇಳು ಲಕ್ಷ ಎನ್ನುತ್ತಿದ್ದ ಕಡೆ, ಅಲ್ಲಿನ ಸ್ಮಾರಕ ಸಂಸ್ಥೆ ಹೆಸರು ಹೆಸರಾಗಿ 83,145 ಮಂದಿಯನ್ನು ಗುರುತಿಸಿದೆ. ಪಟ್ಟಿ ಪೂರ್ಣವೆಂದು ಆ ಸಂಸ್ಥೆಯೂ ಹೇಳುವುದಿಲ್ಲವಾದ್ದರಿಂದ, ಇಷ್ಟು ಮಂದಿ ಸತ್ತರು ಎಂಬ ವಾಕ್ಯವನ್ನು ಹೊಡೆದು, ಇಷ್ಟು ಮಂದಿಯ ಹೆಸರು ಈವರೆಗೆ ಸಿಕ್ಕಿದೆ ಎಂದೇ ಬರೆಸುತ್ತೇನೆ.