ಒಂದು ‘ದಿ’ ಬಿಟ್ಟು ಎಂಜಿನಿಯರ್‌ನನ್ನು ಜೈಲಿಗೆ ಹಾಕಿದೆ

ಇಂಗ್ಲೆಂಡಿನ ಕ್ಲೈಂಟ್ ಒಬ್ಬರ ಸಿಸಿಟಿವಿ ರಿಪೇರಿ ಟಿಕೆಟ್‌ಗಳನ್ನು, ಅಂದರೆ ಕಂಪ್ಯೂಟರ್‌ನಲ್ಲಿ ದಾಖಲಾಗುವ ದೂರುಗಳನ್ನು, ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ದಿನ ಅಲ್ಲಿನ ಜೈಲೊಂದರಲ್ಲಿ ಕ್ಯಾಮೆರಾ ಕೆಟ್ಟಿತ್ತು. ಎಂಜಿನಿಯರ್ ಹೋಗಿದ್ದ. ನಾನು ಅಪ್‌ಡೇಟ್ ಹಾಕಿದೆ: ‘ಅವರ್ ಎಂಜಿನಿಯರ್ ಈಸ್ ಇನ್ ಪ್ರಿಸನ್.’

ಎರಡೇ ನಿಮಿಷಕ್ಕೆ ಕ್ಲೈಂಟ್ ಕಡೆಯ ಮೇಡಂ ಫೋನ್ ಬಂತು. “ಅಯ್ಯೋ, ಏನು ಮಾಡಿದ?” ಅಂದರು. “ಕ್ಯಾಮೆರಾ ಬದಲಾಯಿಸ್ತಿದ್ದಾನೆ” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕಿದ್ದೇ ನಕ್ಕಿದ್ದು.

‘ಇನ್ ಪ್ರಿಸನ್’ ಅಂದರೆ ಕೈದಿ. ಬೇರೆ ಕೆಲಸಕ್ಕೆ ಆ ಕಟ್ಟಡದೊಳಗೆ ಹೋದವನು ‘ಇನ್ ದಿ ಪ್ರಿಸನ್’. ಶಾಲೆಗೂ ಹಾಗೇ. ಮಗು ‘ಗೋಸ್ ಟು ಸ್ಕೂಲ್’, ಫೀಸ್ ಕಟ್ಟಲು ಹೋಗುವ ಅಪ್ಪ ‘ಗೋಸ್ ಟು ದಿ ಸ್ಕೂಲ್’. ಜಾಗ ಯಾವುದಕ್ಕಾಗಿ ಇದೆಯೋ ಅದಕ್ಕೇ ಹೋದರೆ ‘ದಿ’ ಬೇಡ.

ನಮ್ಮಲ್ಲಿ ‘ದಿ’ ಇಲ್ಲ, ಅದಕ್ಕೇ ಎಡವುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈ ವ್ಯತ್ಯಾಸ ನಮಗೆ ಹೊಸದೇನಲ್ಲ. ‘ಆಸ್ಪತ್ರೆಗೆ ಹೋದ’ ಅಂದರೆ ಯಾರನ್ನೋ ನೋಡಿಕೊಂಡು ಬರಲೂ ಇರಬಹುದು. ‘ಆಸ್ಪತ್ರೆ ಸೇರಿದ’ ಅಂದರೆ? ಮಂಚ, ಡ್ರಿಪ್ಪು ಕಣ್ಣ ಮುಂದೆ ಬರುತ್ತದೆ. ಜೈಲು ಸೇರಿದ, ಶಾಲೆ ಸೇರಿದ, ಎಲ್ಲ ಅದೇ ಲೆಕ್ಕ. ಈಗ ಮೇಲ್ ಬರೆಯುವಾಗ ಮನಸ್ಸಿನಲ್ಲಿ ‘ಸೇರಿದ’ ಹಾಕಿ ನೋಡುತ್ತೇನೆ. ಅರ್ಥ ಕೂಡಿದರೆ ‘ದಿ’ ತೆಗೆಯುತ್ತೇನೆ.

ಎಲ್ಲ ಕಡೆ ಇದು ನಡೆಯಲ್ಲ, ಅದೂ ನಿಜ. ಅಮೆರಿಕದವರು ರೋಗಿಗೂ ‘ಇನ್ ದಿ ಹಾಸ್ಪಿಟಲ್’ ಅಂತಲೇ ಅನ್ನುತ್ತಾರೆ. ಬ್ರಿಟನ್ನಿನವರು ಸಿನಿಮಾ ನೋಡಲೇ ಹೋದರೂ ‘ಟು ದಿ ಸಿನಿಮಾ’. ‘ಅಟ್ ಸೀ’ ಅಂದರೆ ಹಡಗಿನಲ್ಲಿ ಹೋಗುತ್ತಿರುವವನು. ‘ಆಲ್ ಅಟ್ ಸೀ’ ಅಂದರೆ ದಿಕ್ಕೇ ತೋಚದವನು. ಇವನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ನಾವು ದಿನಾ ಮಾಡುವ ತಪ್ಪು ಇನ್ನೊಂದಿದೆ: ‘ಐ ಆಮ್ ಇನ್ ಆಫೀಸ್’. ‘ಇನ್ ಆಫೀಸ್’ ಅನ್ನುವುದು ಮಂತ್ರಿಗಳಂಥ ಅಧಿಕಾರದಲ್ಲಿ ಇರುವವರಿಗೆ. ಡಬ್ಬಿ ತಂದು ಕ್ಯುಬಿಕಲ್‌ನಲ್ಲಿ ಕೂರುವ ನಮಗೆ ‘ಇನ್ ದಿ ಆಫೀಸ್’. ‘ಅಟ್ ವರ್ಕ್’ ಅಂದರೂ ಸಾಕು, ಅದಕ್ಕೆ ‘ದಿ’ ತಂಟೆಯೇ ಇಲ್ಲ.

ಅವತ್ತು ಸಂಜೆ ಟಿಕೆಟ್ ಮುಚ್ಚುವಾಗ ಎರಡೆರಡು ಸಲ ಓದಿ ಬರೆದೆ: ‘ಎಂಜಿನಿಯರ್ ಹ್ಯಾಸ್ ಲೆಫ್ಟ್ ದಿ ಪ್ರಿಸನ್.’ ಮೇಡಂ ಒಂದೇ ಪದದ ಉತ್ತರ ಕಳಿಸಿದರು: ‘ಕಂಗ್ರಾಜುಲೇಷನ್ಸ್.’